ನವೆಂಬರ್ 9ರ ಗುಟ್ಟೇನು?

ಪ್ರಶ್ನೆ: ಜರ್ಮನಿಯ ಇತಿಹಾಸದಲ್ಲಿ ನವೆಂಬರ್ 9 ಪದೇ ಪದೇ ಬರುತ್ತದೆ. ಇದು ಬರೀ ಕಾಕತಾಳೀಯವೇ?

ಉತ್ತರ: ಎಲ್ಲವೂ ಅಲ್ಲ. 1918ರಲ್ಲಿ ಅಂದು ಕೈಸರ್, ಅಂದರೆ ಜರ್ಮನ್ ಚಕ್ರವರ್ತಿಯ ಆಳ್ವಿಕೆ ಮುಗಿದು ಗಣರಾಜ್ಯದ ಘೋಷಣೆಯಾಯಿತು. 1923ರಲ್ಲಿ ಮ್ಯೂನಿಕ್‌ನಲ್ಲಿ ಹಿಟ್ಲರ್‌ನ ದಂಗೆ ಪೊಲೀಸರ ಗುಂಡಿಗೆ ಮುಗ್ಗರಿಸಿತು. ಅಧಿಕಾರಕ್ಕೆ ಬಂದ ಮೇಲೆ ನಾತ್ಸಿ ಮುಖಂಡರು ಪ್ರತಿವರ್ಷ ಆ ನೆನಪಿಗೆ ಅಲ್ಲಿ ಸೇರುತ್ತಿದ್ದರು. 1938ರ ಕೂಟದಲ್ಲಿ ಹಿಟ್ಲರ್‌ನ ಪ್ರಚಾರ ಮಂತ್ರಿ ಗೊಬೆಲ್ಸ್ ಭಾಷಣ ಮಾಡಿ ಕಿಚ್ಚು ಹಚ್ಚಿದ. ಆ ರಾತ್ರಿಯೇ ಯಹೂದಿಗಳ ಅಂಗಡಿ, ಪ್ರಾರ್ಥನಾ ಮಂದಿರಗಳ ಮೇಲೆ ದಾಳಿ. ಇದರಲ್ಲಿ ಕಾಕತಾಳೀಯ ಎಲ್ಲಿ ಬಂತು?

1989ರದ್ದು ಮಾತ್ರ ಶುದ್ಧ ಎಡವಟ್ಟು. ಆ ವಿಡಿಯೋ ಎಷ್ಟು ಸಲ ನೋಡಿದ್ದೇನೋ! ಕಮ್ಯುನಿಸ್ಟ್ ಪೂರ್ವ ಜರ್ಮನಿಯ ಆಳುವ ಪಕ್ಷದ ವಕ್ತಾರ ಶಬೊವ್‌ಸ್ಕಿ ಪತ್ರಿಕಾಗೋಷ್ಠಿಯಲ್ಲಿ, ಜನರಿಗೆ ಪಶ್ಚಿಮಕ್ಕೆ ಹೋಗಲು ಬಿಡುವ ಹೊಸ ಪ್ರಯಾಣ ನಿಯಮ ಓದಿದರು. ಯಾವಾಗಿನಿಂದ ಜಾರಿ ಅಂತ ಪತ್ರಕರ್ತರು ಕೇಳಿದರು. ಶಬೊವ್‌ಸ್ಕಿ ಹಾಳೆ ತಿರುವಿದರು, ತಡಕಾಡಿದರು, ಕೊನೆಗೆ ತಮಗೆ ತಿಳಿದಂತೆ ಈಗಿನಿಂದಲೇ ಎಂದುಬಿಟ್ಟರು. ಜಾರಿಯಾಗಬೇಕಿದ್ದದ್ದು ಮರುದಿನ! ಜನ ಬರ್ಲಿನ್ ಗೋಡೆಯತ್ತ ನುಗ್ಗಿದರು. ರಾತ್ರಿ ಹನ್ನೊಂದೂವರೆ ಹೊತ್ತಿಗೆ ಬೋರ್ನ್‌ಹೋಮರ್ ರಸ್ತೆಯ ಕಾವಲುಗಾರರು ಕೈಚೆಲ್ಲಿ ಗೇಟು ತೆರೆದರು.

ಇಷ್ಟಾದರೂ ಜರ್ಮನಿಯ ರಾಷ್ಟ್ರೀಯ ದಿನ ಅಕ್ಟೋಬರ್ 3, 1990ರಲ್ಲಿ ಎರಡೂ ಜರ್ಮನಿಗಳು ಒಂದಾದ ದಿನ. 1938ರ ಆ ರಾತ್ರಿಯ ತಾರೀಖಿನಂದೇ ಹಬ್ಬ ಮಾಡೋಕಾಗುತ್ತಾ?