ವಿಚರ್ 3: ಡೈರೆಕ್ಟ್‌ಎಕ್ಸ್ 11 ಸಾಕಾ?
ಜಿಟಿಎಕ್ಸ್ 1650 ಗ್ರಾಫಿಕ್ಸ್ ಕಾರ್ಡ್ ಇರುವ ಲ್ಯಾಪ್‌ಟಾಪ್‌ನಲ್ಲಿ ವಿಚರ್ 3 ಗೇಮ್ ಡೈರೆಕ್ಟ್‌ಎಕ್ಸ್ 12ರಲ್ಲಿ (ಗೇಮ್ ಗ್ರಾಫಿಕ್ಸ್ ಕಾರ್ಡ್ ಜೊತೆ ಮಾತಾಡಲು ಬಳಸುವ ಸಾಫ್ಟ್‌ವೇರ್) ತಡವರಿಸುತ್ತದೆ, 11ಕ್ಕೆ ಹೋದರೆ ಚಂದ ಕಡಿಮೆಯಾಗುತ್ತದಾ ಅಂತ ಕೇಳಿದ್ದೀರಿ. ಧೈರ್ಯವಾಗಿ 11ಕ್ಕೆ ಹೋಗಿ.

2022ರ ಡಿಸೆಂಬರ್ ಅಪ್‌ಡೇಟ್‌ನಲ್ಲಿ ಬಂದ ರೇ ಟ್ರೇಸಿಂಗ್ (ಬೆಳಕು-ನೆರಳನ್ನು ನಿಜದಂತೆ ತೋರಿಸುವ ವಿಧಾನ) 12ರಲ್ಲಿ ಮಾತ್ರ ಇದೆ, ನಿಜ. ಆದರೆ ನಿಮ್ಮ ಕಾರ್ಡ್‌ನಲ್ಲಿ ಅದಕ್ಕೆ ಬೇಕಾದ ಆರ್‌ಟಿ ಕೋರ್‌ಗಳೇ ಇಲ್ಲವಲ್ಲ! ಅದನ್ನು ಬಿಟ್ಟರೆ ಆಡುವಾಗ ಕಣ್ಣಿಗೆ ದೊಡ್ಡ ವ್ಯತ್ಯಾಸ ಕಾಣುವುದಿಲ್ಲ.

ತಡವರಿಕೆಗೆ ಕಾರಣ ಬೇರೆ. 11ರಲ್ಲಿ ಮೆಮೊರಿ ಹಂಚುವ ಕೆಲಸವನ್ನು ಬಹುಪಾಲು ಡ್ರೈವರ್ (ಕಾರ್ಡ್ ನಡೆಸುವ ಸಾಫ್ಟ್‌ವೇರ್) ನೋಡಿಕೊಳ್ಳುತ್ತದೆ. 12ರಲ್ಲಿ ಅದು ಗೇಮ್‌ನ ತಲೆಮೇಲೆ ಬೀಳುತ್ತದೆ. ನಿಮ್ಮದು 4 ಜಿಬಿ ಮೆಮೊರಿಯ ಕಾರ್ಡ್, ಬೇಗ ತುಂಬಿಹೋಗುತ್ತದೆ. ಜೊತೆಗೆ ಹೊಸ ಶೇಡರ್‌ಗಳು (ಚಿತ್ರದ ಬಣ್ಣ, ಬೆಳಕು ಲೆಕ್ಕಹಾಕುವ ಪುಟ್ಟ ಪ್ರೋಗ್ರಾಮ್‌ಗಳು) ಆಟದ ಮಧ್ಯೆಯೇ ಕಂಪೈಲ್ ಆದರೆ, ಅಂದರೆ ಕಾರ್ಡ್‌ಗೆ ಅರ್ಥವಾಗುವಂತೆ ಸಿದ್ಧವಾಗತೊಡಗಿದರೆ, ಚಿತ್ರ ಒಂದು ಕ್ಷಣ ನಿಂತುಬಿಡುತ್ತದೆ.

ಲಾಂಚರ್‌ನಲ್ಲೇ 11 ಆರಿಸಿ. ಕೂದಲನ್ನು ನಿಜದಂತೆ ತೋರಿಸುವ ಹೇರ್‌ವರ್ಕ್ಸ್ ಆಫ್ ಮಾಡಿ, ಅದು ಸುಮ್ನೆ ಜಾಸ್ತಿ ಫ್ರೇಮ್ ತಿನ್ನುತ್ತದೆ. ಆಮೇಲೆ ಗೇಮ್‌ನ ನೋವಿಗ್ರಾಡ್ ನಗರದ ಸಂತೆಯಲ್ಲಿ ಒಮ್ಮೆ ಓಡಾಡಿ, ತಡವರಿಕೆ ಕಡಿಮೆಯಾಗಿದೆಯಾ ಅಂತ ನೋಡಿ.