ಪ್ರವಾಸ ಪ್ರಶ್ನೋತ್ತರ: ನಾಲ್ಕು ದಿನ ಸುಮ್ಮನೆ ಇರಲು ಒಂದು ಊರು

ಪ್ರಶ್ನೆ: ಡಿಸೆಂಬರ್‌ನಲ್ಲಿ ನಾನೂ ಗೆಳತಿಯೂ ಬೆನ್ನಿಗೆ ಚೀಲ ಹಾಕಿಕೊಂಡು ಥಾಯ್ಲೆಂಡ್, ಲಾವೋಸ್, ವಿಯೆಟ್ನಾಂ ಸುತ್ತಲಿದ್ದೇವೆ. ಪಟ್ಟಿಯಲ್ಲಿ ಹೆಚ್ಚುಕಡಿಮೆ ದಿನಕ್ಕೊಂದು ಊರು. ನಡುವೆ ಯಾವುದಾದರೂ ಹಳ್ಳಿಯಂಥ ಊರಿನಲ್ಲಿ ನಾಲ್ಕು ದಿನ ಸುಮ್ಮನೆ ಇರುವ ಆಸೆ. ‘ಅಷ್ಟು ದುಡ್ಡು ಸುರಿದು ಹೋಗಿ ಸುಮ್ಮನೆ ಕೂರುವುದೇ?’ ಎನ್ನುತ್ತಾರೆ ಅಮ್ಮ. ಎಲ್ಲಿ ಉಳಿಯಲಿ?
– ಓದುಗಿ, ಶಿರಸಿ

ಉತ್ತರ: ಲಾವೋಸ್‌ನ ನಾಂಗ್ ಖಿಯಾವ್. ಎರಡನೆಯ ಯೋಚನೆ ಬೇಡ. ರಾಜಧಾನಿ ವಿಯೆಂಟಿಯಾನ್‌ನಿಂದ ಲುವಾಂಗ್ ಪ್ರಬಾಂಗ್ ಪಟ್ಟಣಕ್ಕೆ 2021ರ ಡಿಸೆಂಬರ್‌ನಿಂದ ರೈಲು ಓಡುತ್ತಿದೆ, ಸುಮಾರು ಎರಡು ಗಂಟೆಯ ಹಾದಿ. ಅಲ್ಲಿಂದ ಉತ್ತರಕ್ಕೆ ವ್ಯಾನಿನಲ್ಲಿ ಮೂರು ನಾಲ್ಕು ಗಂಟೆ. ರಸ್ತೆ ಕೆಟ್ಟಿದೆ, ಸೊಂಟ ನೋಯುತ್ತದೆ. ಹಿಂದೆ ನಾಮ್ ಊ ನದಿಯಲ್ಲಿ ದೋಣಿ ಹತ್ತಿದರೆ ನೇರ ಇಲ್ಲಿಗೇ ಬರಬಹುದಿತ್ತು. ನದಿಗೆ ಸಾಲಾಗಿ ಏಳು ಅಣೆಕಟ್ಟು ಕಟ್ಟಿದ ಮೇಲೆ ಆ ದಾರಿ ಮುಚ್ಚಿತು. ಒಂದು ಇಡೀ ನದಿಯ ಓಡಾಟವನ್ನು ಹೀಗೆ ತುಂಡು ತುಂಡು ಮಾಡಿದ್ದು ನನಗೆ ಇಂದಿಗೂ ಸಂಕಟದ ವಿಷಯ.

ಊರು ನದಿಯ ಎರಡೂ ದಂಡೆಯಲ್ಲಿದೆ, ನಡುವೆ ಒಂದು ಸೇತುವೆ. ಸುತ್ತಲೂ ನೆಟ್ಟಗೆ ಎದ್ದುನಿಂತ ಸುಣ್ಣಕಲ್ಲಿನ ಬೆಟ್ಟಗಳು. ಸೇತುವೆಯಾಚೆಯ ಸೋಪ್ ಹೂನ್ ಬದಿಯಲ್ಲಿ ನದಿಗೆ ಮುಖ ಮಾಡಿದ ಕೋಣೆ ಹಿಡಿಯಿರಿ. ಡಿಸೆಂಬರಿನ ಬೆಳಗಿನಲ್ಲಿ ಮಂಜು ನೀರಿನ ಮೇಲೇ ಮಲಗಿರುತ್ತದೆ. ಬಿಸಿಲು ಬೀಳುವಾಗ ಹೊತ್ತು ಸಾಕಷ್ಟು ಏರಿರುತ್ತದೆ. ಸ್ವೆಟರ್ ಮರೆಯಬೇಡಿ. ಮಾರ್ಚ್, ಏಪ್ರಿಲ್‌ನಲ್ಲಾದರೆ ಬೇಡವೆನ್ನುತ್ತಿದ್ದೆ, ಆಗ ಬೇಸಾಯಕ್ಕೆ ಕಾಡು ಸುಡುವ ಹೊಗೆ ಕಣಿವೆಯನ್ನೆಲ್ಲ ತುಂಬಿರುತ್ತದೆ.

ಒಂದು ಬೆಳಿಗ್ಗೆ ಫಾ ಡೇಂಗ್ ಬೆಟ್ಟ ಹತ್ತಿ. ಇನ್ನೊಂದು ದಿನ ದೋಣಿಯಲ್ಲಿ ಒಂದು ಗಂಟೆ ಮೇಲಕ್ಕೆ, ಮುವಾಂಗ್ ಙೋಯ್ ಹಳ್ಳಿಗೆ ಹೋಗಿಬನ್ನಿ. ಮೂರನೆಯದೆಂದರೆ ಫಾ ತೋಕ್ ಗುಹೆ, ಊರಿನಿಂದ ನಡೆದೇ ಹೋಗುವಷ್ಟು ಹತ್ತಿರ. ಅದನ್ನು ಬಿಡಲೇಬೇಡಿ. 1964ರಿಂದ 1973ರವರೆಗೆ ಅಮೆರಿಕ ಈ ದೇಶದ ಮೇಲೆ 20 ಲಕ್ಷ ಟನ್ನಿಗೂ ಹೆಚ್ಚು ಬಾಂಬು ಸುರಿಯಿತು. ಆಗ ಇಲ್ಲಿನ ಜನ ಆ ಗುಹೆಯಲ್ಲಿ ಅಡಗಿ ಬದುಕಿದರು. ಒಳಗಿನ ತಂಪು ಕತ್ತಲಲ್ಲಿ ಸ್ವಲ್ಪ ಹೊತ್ತು ನಿಂತ ಮೇಲೆ, ಹೊರಗೆ ಗದ್ದೆಯಲ್ಲಿ ಎಮ್ಮೆ ಮೇಯುವುದನ್ನು ನೋಡಿದಾಗ ನನಗೆ ಈ ಊರಿನ ನೆಮ್ಮದಿಯ ಬೆಲೆ ತಿಳಿಯಿತು. ಸಿಡಿಯದ ಬಾಂಬುಗಳು ಇಂದಿಗೂ ಆ ದೇಶದ ಮಣ್ಣಿನಲ್ಲಿವೆ. ಆದ್ದರಿಂದ ಎಲ್ಲಿ ಹೋದರೂ ಸವೆದ ಕಾಲುದಾರಿ ಬಿಟ್ಟು ಕದಲಬೇಡಿ, ಮೂತ್ರ ವಿಸರ್ಜನೆಗೂ ಪೊದೆಯೊಳಗೆ ನುಗ್ಗಬೇಡಿ.

ಉಳಿದ ಹೊತ್ತಿಗೆ ಏನನ್ನೂ ಗೊತ್ತುಮಾಡಿಕೊಳ್ಳಬೇಡಿ. ಬಟ್ಟೆ ಒಗೆದು ಹರವಿ. ಒಂದೇ ಅಂಗಡಿಯಲ್ಲಿ ದಿನವೂ ಕಾಫಿ ಕುಡಿಯಿರಿ. ಮೊದಲ ದಿನ ನೀವು ಗಿರಾಕಿ. ಮೂರನೆಯ ದಿನ ಅಂಗಡಿಯಮ್ಮ ಮಗುವನ್ನು ನಿಮ್ಮ ತೊಡೆಯ ಮೇಲೆ ಕೂರಿಸಿ ಒಳಗೆ ಹೋಗುತ್ತಾರೆ. ದಿನಕ್ಕೊಂದು ಊರು ಸುತ್ತುವವರಿಗೆ ಇದು ಯಾವ ಬೆಲೆಗೂ ಸಿಗುವುದಿಲ್ಲವೆಂದು ಅಮ್ಮನಿಗೆ ಹೇಳಿ. ಪಟ್ಟಿಯಿಂದ ಎರಡು ಊರು ಹೊಡೆದುಹಾಕಿ, ಯಾವೆರಡಾದರೂ ಸರಿ.

ಪ್ರಶ್ನೆ: ಲಾವೋಸ್‌ನ ಹಳ್ಳಿಗಳಲ್ಲಿ ಸಸ್ಯಾಹಾರಿಗಳ ಗತಿಯೇನು? ಕಾರ್ಡು ನಡೆಯುತ್ತದೆಯೇ?
– ಓದುಗರು, ತುಮಕೂರು

ಉತ್ತರ: ಅನ್ನದ ಚಿಂತೆ ಇಲ್ಲ. ಅಂಟಕ್ಕಿಯನ್ನು ರಾತ್ರಿ ನೆನೆಹಾಕಿ, ಬಿದಿರಿನ ಬುಟ್ಟಿಯಲ್ಲಿ ಹಬೆಗೆ ಬೇಯಿಸುತ್ತಾರೆ. ಕೈಯಲ್ಲೇ ಉಂಡೆ ಮಾಡಿ ತಿನ್ನುವುದು. ತೊಂದರೆ ಇರುವುದು ಪಲ್ಯದಲ್ಲಿ. ಬರೀ ಸೊಪ್ಪಿನಂತೆ ಕಂಡರೂ ಮೀನಿನ ರಸ ಬಿದ್ದಿರುತ್ತದೆ, ಪಪ್ಪಾಯಿ ಕೋಸಂಬರಿಗಂತೂ ಹುಳಿಹಿಡಿಸಿದ ಮೀನಿನ ಪಾಡೇಕ್. ಆರ್ಡರ್ ಮಾಡುವಾಗಲೇ ‘ಬೋ ಸೈ ನಾಮ್ ಪಾ, ಬೋ ಸೈ ಪಾಡೇಕ್’ ಎನ್ನಿ. ಎರಡನ್ನೂ ಹಾಕಬೇಡಿ ಎಂದು ಅರ್ಥವಾಗುತ್ತದೆ. ಪಾತ್ರೆಯೂ ಬೇರೆ ಇರಬೇಕೆನ್ನುವವರು ಅವಲಕ್ಕಿ, ಚಟ್ನಿಪುಡಿ ಒಯ್ಯಲಿ. ಕುದಿಯುವ ನೀರು ಎಲ್ಲಿ ಕೇಳಿದರೂ ಕೊಡುತ್ತಾರೆ. ಹಳ್ಳಿಯಲ್ಲಿ ಕಾರ್ಡು ನಂಬಬೇಡಿ. ಲುವಾಂಗ್ ಪ್ರಬಾಂಗ್‌ನಲ್ಲೇ ಎಟಿಎಂನಿಂದ ಅಲ್ಲಿನ ಹಣವಾದ ಕಿಪ್ ತೆಗೆದು, ಇಬ್ಬರ ಚೀಲಗಳಲ್ಲಿ ಹಂಚಿ ಇಟ್ಟುಕೊಳ್ಳಿ.