ಸಿಪಿಯು ಮುಚ್ಚಳ ತೆಗೆದರೆ ಧೂಳು, ಹಾಕಿದರೆ ಬಿಸಿ. ಏನು ಮಾಡಲಿ?

ರಾಯಚೂರಿನ ಬಿಸಿಲಿಗೆ ಸಿಪಿಯು ಮುಚ್ಚಳ ತೆಗೆದು, ಪಕ್ಕದಲ್ಲೇ ಏರ್ ಕೂಲರ್ ಇಟ್ಟಿದ್ದೇನೆ ಅಂತ ಬರೆದಿದ್ದೀರಿ. ಮೊದಲು ಎದ್ದು ಆ ಕೂಲರನ್ನು ಬೇರೆ ಕಡೆ ತಿರುಗಿಸಿ. ಮಿಕ್ಕಿದ್ದು ಆಮೇಲೆ ಓದಿ.

2009ರಲ್ಲಿ ಹೊಸಪೇಟೆಯಲ್ಲಿ ಕಂಪ್ಯೂಟರ್‌ನಲ್ಲಿ ಅಚ್ಚಿಗೆ ಪುಟ ಸಿದ್ಧ ಮಾಡಿಕೊಡುವ ನನ್ನದೊಂದು ಡಿಟಿಪಿ ಅಂಗಡಿ ಇತ್ತು. ಸಂಡೂರು ಕಡೆಯಿಂದ ಅದಿರು ಲಾರಿಗಳು ಹಗಲೂ ರಾತ್ರಿ ಓಡುತ್ತಿದ್ದ ಕಾಲ ಅದು. ರಸ್ತೆ ಪಕ್ಕದ ಬೇವಿನ ಎಲೆ ಕೂಡ ಕೆಂಪಾಗಿರುತ್ತಿತ್ತು. ಬೆಳಗ್ಗೆ ಒರೆಸಿದ ಟೇಬಲ್ ಮೇಲೆ ಮಧ್ಯಾಹ್ನ ಬೆರಳಲ್ಲಿ ಹೆಸರು ಬರೆಯಬಹುದಿತ್ತು. ಏಪ್ರಿಲ್‌ನಲ್ಲಿ ಹೊರಗೆ 40 ಡಿಗ್ರಿ ಹತ್ತಿರ, ಅಂಗಡಿಗೆ ತಗಡಿನ ಛಾವಣಿ.

ಬಸವ ಜಯಂತಿ, ಅಕ್ಷಯ ತೃತೀಯ ಒಂದೇ ದಿನ ಬರುತ್ತವೆ. ನಮ್ಮ ಕಡೆ ಆ ಮುಹೂರ್ತಕ್ಕೆ ಮದುವೆಗಳು ಜಾಸ್ತಿ. ಲಗ್ನಪತ್ರಿಕೆ ಕೆಲಸ ಮೇಲಿಂದ ಮೇಲೆ ಬರುತ್ತಿತ್ತು. ಕೋರಲ್‌ಡ್ರಾ ಅನ್ನುವ ಡಿಸೈನ್ ಪ್ರೋಗ್ರಾಂನಲ್ಲಿ ಗಣಪತಿ ಚಿತ್ರ ಕೂರಿಸುವಷ್ಟರಲ್ಲಿ ಕಂಪ್ಯೂಟರ್ ತಾನಾಗೇ ಆಫ್ ಆಗುತ್ತಿತ್ತು. ಹಿಂದೆ ಕೈ ಇಟ್ಟರೆ ಒಲೆ ಮುಂದೆ ಕೂತ ಹಾಗೆ ಝಳ. ಮುಚ್ಚಳ ಬಿಚ್ಚಿದೆ, ಮೂರು ದಿನ ಆರಾಮಾಗಿ ಓಡಿತು. ನಾಲ್ಕನೇ ದಿನ ಒಂದು ಕೂಲರ್ ತಂದು ನೇರ ಅದರ ಹೊಟ್ಟೆಗೇ ಮುಖ ಮಾಡಿ ಇಟ್ಟೆ. ನನಗೂ ತಂಪು, ಅದಕ್ಕೂ ತಂಪು ಅಂದುಕೊಂಡೆ.

ಅಲ್ಲೇ ನಾನು ತಪ್ಪಿದ್ದು. ಕೂಲರ್ ಎಸಿ ಅಲ್ಲ. ಎಸಿ ಗಾಳಿಯಲ್ಲಿನ ತೇವ ತೆಗೆಯುತ್ತದೆ, ಕೂಲರ್ ತೇವ ಸೇರಿಸುತ್ತದೆ. ನೀರು ಆವಿಯಾಗುವಾಗ ಗಾಳಿಯ ಬಿಸಿ ಹೀರಿಕೊಳ್ಳುತ್ತದೆ, ಅದಕ್ಕೇ ನಮಗೆ ತಂಪು ಅನ್ನಿಸುತ್ತದೆ. ತೀರಾ ಹತ್ತಿರ ಇಟ್ಟರೆ ಸಣ್ಣ ಹನಿಗಳೂ ಹಾರುತ್ತವೆ. ಬೋರ್ ನೀರಾದರೆ ಅದರಲ್ಲಿ ಉಪ್ಪು ಬೇರೆ. ಒಣ ಧೂಳು ಬ್ರಷ್ ಆಡಿಸಿದರೆ ಉದುರುತ್ತದೆ. ತೇವ ಕುಡಿದ ಧೂಳು ಹಾಗಲ್ಲ, ಗೋಡೆಗೆ ಮಣ್ಣು ಮೆತ್ತಿದ ಹಾಗೆ ಹಿಡಿಯುತ್ತದೆ. ರಾತ್ರಿ ಅಂಗಡಿ ಮುಚ್ಚಿದಾಗ ಒಣಗುತ್ತದೆ, ಮರುದಿನ ಅದರ ಮೇಲೆ ಇನ್ನೊಂದು ಪದರ. ಉಪ್ಪು, ತೇವ, ಧೂಳು ಮೂರೂ ಸೇರಿ ಬೋರ್ಡ್ ಮೇಲೆ ಕೂತರೆ ಕರೆಂಟ್ ಹರಿಯಬಾರದ ಕಡೆ ಹರಿಯುತ್ತದೆ. ತಾಮ್ರ ಹಸಿರುಗಟ್ಟುತ್ತದೆ.

ಎರಡು ವಾರಕ್ಕೆ ಕಂಪ್ಯೂಟರ್ ಸ್ಟಾರ್ಟೇ ಆಗಲಿಲ್ಲ. ರಿಪೇರಿ ಹುಡುಗ ಬಂದು ಪ್ರೊಸೆಸರ್ (ಒಳಗಿನ ಮುಖ್ಯ ಚಿಪ್) ಮೇಲಿನ ಫ್ಯಾನ್ ಬಿಚ್ಚಿದ. ಮೇಲಿಂದ ನೋಡಿದರೆ ಫ್ಯಾನ್ ಚೆನ್ನಾಗೇ ಇತ್ತು, ರೆಕ್ಕೆಗಳನ್ನು ನಾನೇ ವಾರವಾರ ಒರೆಸುತ್ತಿದ್ದೆ. ಕೆಳಗೆ, ಫ್ಯಾನಿಗೂ ಪ್ರೊಸೆಸರ್ ಬಿಸಿ ಹೀರುವ ಅಲ್ಯುಮಿನಿಯಂ ಹೀಟ್‌ಸಿಂಕಿಗೂ ನಡುವೆ, ಕೆಂಪು ಕಂಬಳಿಯಂಥ ಪದರ. ಸ್ಕ್ರೂಡ್ರೈವರ್ ತುದಿ ಹಾಕಿದ ಕೂಡಲೇ ಹೆಂಚಿನಿಂದ ರೊಟ್ಟಿ ಎದ್ದ ಹಾಗೆ ಒಂದೇ ತುಂಡಾಗಿ ಎದ್ದು ಬಂತು. ಅದರ ಕೆಳಗಿನ ಅಲ್ಯುಮಿನಿಯಂ ಹೊಸದರ ಹಾಗೆ ಹೊಳೆಯುತ್ತಿತ್ತು, ಗಾಳಿ ಅಲ್ಲಿಗೆ ತಲುಪೇ ಇರಲಿಲ್ಲ. ಮದರ್‌ಬೋರ್ಡ್ ಸತ್ತಿತ್ತು. ಹಾರ್ಡ್‌ಡಿಸ್ಕ್ ಉಳಿದಿದ್ದು ಪುಣ್ಯ. ಅದನ್ನು ಗೆಳೆಯನ ಅಂಗಡಿಗೆ ಒಯ್ದು ರಾತ್ರಿಯೆಲ್ಲ ಕೂತು ಕೆಲಸ ಮುಗಿಸಿದೆ. ಆದರೂ ಒಂದು ಮನೆಯ ಪತ್ರಿಕೆ ನಾಲ್ಕು ದಿನ ತಡವಾಯಿತು. ಹುಡುಗಿಯ ತಂದೆ ಬೈಯಲಿಲ್ಲ. ಕಟ್ಟು ಎತ್ತಿಕೊಂಡು ಬಸ್ ಸ್ಟ್ಯಾಂಡ್ ಕಡೆ ಓಡಿದರು. ಅವರು ಓಡಿದ್ದು ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ.

ಈಗ ನಿಮ್ಮ ಪ್ರಶ್ನೆ. ತಂಪು ಬೇಕಾದರೆ ಧೂಳು ಸಹಿಸಬೇಕು, ಧೂಳು ಬೇಡವಾದರೆ ಬಿಸಿ ಸಹಿಸಬೇಕು ಅಂತ ನೀವು ಅಂದುಕೊಂಡಿದ್ದೀರಿ. ಅದನ್ನು ನಾನು ಒಪ್ಪುವುದಿಲ್ಲ. ಕಂಪ್ಯೂಟರಿನ ಬಿಸಿ ಹೊರಗೆ ಹೋಗದಂತೆ ತಡೆಯುವುದೇ ಆ ಧೂಳು. ಮುಚ್ಚಳ ಹಾಕಿ, ಗಾಳಿ ಎಲ್ಲಿಂದ ಒಳಗೆ ಬರಬೇಕು ಅನ್ನುವುದನ್ನು ನೀವು ತೀರ್ಮಾನ ಮಾಡಿ.

ಅಡುಗೆಮನೆಯಲ್ಲಿ ಕಿಟಕಿ ಮುಚ್ಚಿ ಎಕ್ಸಾಸ್ಟ್ ಫ್ಯಾನ್ ಹಾಕಿದರೆ ಬಾಗಿಲ ಸಂದಿಯಿಂದ ಗಾಳಿ ನುಗ್ಗುತ್ತದಲ್ವಾ? ಬರೀ ಹೊರಗೆ ದಬ್ಬುವ ಫ್ಯಾನ್ ಇರುವ ಕ್ಯಾಬಿನೆಟ್‌ನಲ್ಲೂ ಅದೇ ಕಥೆ. ಯುಎಸ್‌ಬಿ ತೂತು, ಹಿಂದಿನ ಸಂದಿ, ಎಲ್ಲಾ ಕಡೆಯಿಂದ ಧೂಳು ಎಳೆದುಕೊಳ್ಳುತ್ತದೆ. ಅದಕ್ಕೆ ಮುಂದೆ 120 ಮಿಮೀ ಫ್ಯಾನ್ ಎರಡು ಒಳಗೆ ಊದುವಂತೆ, ಹಿಂದೆ ಒಂದು ಹೊರಗೆ ದಬ್ಬುವಂತೆ ಹಾಕಿಸಿ. ಒಳಗೆ ಬರುವ ಗಾಳಿ ಜಾಸ್ತಿ ಇದ್ದರೆ ಸಂದಿಗಳಿಂದ ಗಾಳಿ ಹೊರಗೇ ಹೋಗುತ್ತದೆ. ಮುಂದಿನ ಫ್ಯಾನ್‌ಗಳಿಗೆ ಸಣ್ಣ ಕಣ್ಣಿನ ನೈಲಾನ್ ಜಾಲರಿ ಸಾಕು. ದಪ್ಪ ಬಟ್ಟೆ ಕಟ್ಟಬೇಡಿ, ಉಸಿರು ಕಟ್ಟುತ್ತದೆ. ತಿಂಗಳಿಗೊಮ್ಮೆ ಜಾಲರಿ ತೊಳೆದು, ಪೂರ್ತಿ ಒಣಗಿಸಿ ಹಾಕಿ.

ಕಂಪ್ಯೂಟರ್ ಟೇಬಲ್ ಕೆಳಗೆ ಸಿಪಿಯು ಇಡಲು ಕೊಟ್ಟಿರುವ ಗೂಡಿನಲ್ಲಿ ಅದನ್ನು ಇಡಲೇಬೇಡಿ. ಬಿಸಿ ಗಾಳಿ ಅಲ್ಲೇ ಸುತ್ತುತ್ತದೆ. ನೆಲದ ಮೇಲೂ ಬೇಡ, ಕಸ ಗುಡಿಸಿದ ಧೂಳೆಲ್ಲ ಅಲ್ಲಿಗೇ. ಒಂದು ಗಟ್ಟಿ ಸ್ಟೂಲ್ ಮೇಲೆ, ಗೋಡೆಯಿಂದ ಒಂದು ಗೇಣು ಬಿಟ್ಟು ಇಡಿ.

ಲಿಕ್ವಿಡ್ ಕೂಲಿಂಗ್ (ಪೈಪಿನಲ್ಲಿ ದ್ರವ ಹರಿಸಿ ಪ್ರೊಸೆಸರ್ ತಂಪು ಮಾಡುವ ಸಾಧನ) ಕೊಳ್ಳಲಾ ಅಂತಲೂ ಕೇಳಿದ್ದೀರಿ. ಬೇಡ. ಅದಕ್ಕೂ ರೇಡಿಯೇಟರ್, ಫ್ಯಾನ್ ಇರುತ್ತವೆ, ಅಲ್ಲೂ ಧೂಳು ಕೂರುತ್ತದೆ. ರೂಮೇ 38 ಡಿಗ್ರಿ ಇದ್ದರೆ ಅದು ಕೂಡ 38ಕ್ಕಿಂತ ಕೆಳಗೆ ಇಳಿಸಲಾರದು. ಎಚ್‌ಡಬ್ಲ್ಯೂಮಾನಿಟರ್ ಅಂತ ಒಳಗಿನ ಬಿಸಿ ಎಷ್ಟಿದೆ ತೋರಿಸುವ ಉಚಿತ ಪ್ರೋಗ್ರಾಂ ಇದೆ, ಹಾಕಿ ನೋಡಿ. ಕೆಲಸ ಮಾಡುವಾಗ ಪ್ರೊಸೆಸರ್ 70-80 ಡಿಗ್ರಿ ತೋರಿಸಿದರೆ ಸುಮ್ನೆ ಗಾಬರಿ ಬೇಡ. ಈಗಿನ ಪ್ರೊಸೆಸರ್‌ಗಳು ಹೆಚ್ಚಾಗಿ 95-100ರ ಹತ್ತಿರ ಹೋದಾಗ ತಾವೇ ವೇಗ ಇಳಿಸಿಕೊಳ್ಳುತ್ತವೆ.

ಒಳಗಡೆ ಸ್ವಚ್ಛ ಮಾಡುವುದು ವರ್ಷಕ್ಕೆ ಎರಡು ಸಲ. ಶಿವರಾತ್ರಿ ಮುಗಿದು ಬಿಸಿಲು ಏರುವ ಮೊದಲು ಒಮ್ಮೆ. ಆಯುಧ ಪೂಜೆಗೆ ಹೇಗೂ ಒರೆಸಿ ಕುಂಕುಮ ಇಡುತ್ತೀರಿ, ಆಗ ಇನ್ನೊಮ್ಮೆ. ಪ್ಲಗ್ ಕಿತ್ತು, ಅಂಗಳಕ್ಕೆ ಒಯ್ದು ಬ್ಲೋವರ್ ಹಿಡಿಯಿರಿ. ಫ್ಯಾನ್ ರೆಕ್ಕೆಗೆ ಬೆರಳು ಒತ್ತಿ ಹಿಡಿದಿರಬೇಕು. ಗಾಳಿ ಹೊಡೆತಕ್ಕೆ ಗಿರ್ರನೆ ತಿರುಗಿದರೆ ಬೇರಿಂಗ್ ಹಾಳಾಗುತ್ತದೆ. ಒಳಗೆ ಕರೆಂಟ್ ಕೊಡುವ ಡಬ್ಬಿ ಎಸ್‌ಎಂಪಿಎಸ್‌ಗೆ ಹೊರಗಿಂದಲೇ ಊದಿ, ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಅದರೊಳಗೆ ಕರೆಂಟ್ ಉಳಿದಿರುತ್ತದೆ.

ಆದರೆ ಮೊದಲ ಸಲ ಬರೀ ಊದಿ ಸುಮ್ಮನಾಗಬೇಡಿ. ತೇವದ ಧೂಳು ಬ್ಲೋವರ್‌ಗೆ ಬಗ್ಗುವುದಿಲ್ಲ. ನಿಮ್ಮದು ಎಷ್ಟು ದಿನದಿಂದ ಕೂಲರ್ ಮುಂದಿದೆಯೋ ಬರೆದಿಲ್ಲ. ಗೊತ್ತಿರುವವರಿಂದ ಪ್ರೊಸೆಸರ್ ಫ್ಯಾನ್ ಬಿಚ್ಚಿಸಿ, ಅದರ ಅಡಿಯಲ್ಲಿ ಏನಿದೆ ಅಂತ ಟಾರ್ಚ್ ಹಿಡಿದು ನೋಡಿ. ಫೋಟೋ ಹಾಕಿದರೆ ಮುಂದಿನದು ಹೇಳುತ್ತೇನೆ.